ಚಿಪ್ಸ್ ಪ್ಯಾಕೆಟ್ ಮೇಲಿನ ಡೇಟ್ ಬೆರಳಲ್ಲಿ ಉಜ್ಜಿದರೆ ಅಳಿಸಿಹೋಗುತ್ತಿದೆ, ಹೋದ ತಿಂಗಳಿಂದ ಶುರುವಾಯಿತು. ವ್ಯಾಕ್ಸ್-ರೆಸಿನ್ ರಿಬ್ಬನ್ ಬಿಟ್ಟು ರೆಸಿನ್‌ಗೆ ಹೋಗಲೇ? ಅದು ದುಬಾರಿ. ಯಾವ ಕಂಪನಿಯದ್ದು ಒಳ್ಳೆಯದು?

ಹೋಗಿ, ಬೇಡ ಅನ್ನುವುದಿಲ್ಲ. (ರಿಬ್ಬನ್ ಅಂದರೆ ಡೇಟ್ ಪ್ರಿಂಟರಿಗೆ ಹಾಕುವ, ಇಂಕು ಲೇಪಿಸಿದ ಪಟ್ಟಿ. ವ್ಯಾಕ್ಸ್ ಅಂದರೆ ಮೇಣ, ರೆಸಿನ್ ಅಂದರೆ ಗಟ್ಟಿ ರಾಳ.) ಆದರೆ ರಿಬ್ಬನ್‌ಗೆ ಆರ್ಡರ್ ಕೊಡುವ ಮೊದಲು ಪ್ಯಾಕಿಂಗ್ ರೋಲ್ ಕೊಡುವವರಿಗೆ ಒಂದು ಫೋನ್ ಮಾಡಿ. "ಈ ಫಿಲ್ಮ್‌ನ ಹೊರಮೈ ಪಾಲಿಯೆಸ್ಟರ್‌ದೋ ಬಿಒಪಿಪಿಯದೋ? ಹೊರಗಡೆ ಟ್ರೀಟ್‌ಮೆಂಟ್ ಆಗಿದೆಯಾ?" ಅಂತ ಕೇಳಿ. (ಬಿಒಪಿಪಿ ಅಂದರೆ ಎಳೆದು ತೆಳುವಾಗಿಸಿದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಟ್ರೀಟ್‌ಮೆಂಟ್ ಅಂದರೆ ಇಂಕು ಹಿಡಿಯಲಿ ಅಂತ ಅದರ ಮೈಯನ್ನು ಹದ ಮಾಡುವುದು.) ಇದನ್ನು ಕೇಳದೆ ನಾನು ಎರಡು ಪೆಟ್ಟಿಗೆ ರೆಸಿನ್ ರಿಬ್ಬನ್ ಮತ್ತು ಒಂದು ಪ್ರಿಂಟ್ ಹೆಡ್ ಕಳೆದೆ.

ನಮ್ಮದು ಸಾಂಬಾರ್ ಪುಡಿ ಲೈನು. ಕಾಲರ್ ಮಷೀನು (ಫಿಲ್ಮನ್ನು ಕೊಳವೆಯಾಗಿ ಮಡಿಸಿ ಪೌಚು ಮಾಡಿ ತುಂಬುವ ಯಂತ್ರ), ಫಿಲ್ಮ್ ಕಾಲರ್‌ಗೆ ಇಳಿಯುವ ಮೊದಲು ಅದರ ಮೇಲೆ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರು (ಬಿಸಿ ಹೆಡ್ಡಿನಿಂದ ರಿಬ್ಬನ್ನಿನ ಇಂಕು ಕರಗಿಸಿ ಫಿಲ್ಮಿಗೆ ಒತ್ತುವಂಥದ್ದು), 53 ಮಿ.ಮೀ. ಹೆಡ್. ಬ್ಯಾಚ್ ನಂಬರ್, ತಯಾರಿಕೆ ದಿನಾಂಕ, ಎಕ್ಸ್‌ಪೈರಿ, ಎಂಆರ್‌ಪಿ, ಗ್ರಾಂಗೆ ಎಷ್ಟು ಬೆಲೆ, ಎಲ್ಲ ಸೇರಿ ಐದು ಸಾಲು. ವ್ಯಾಕ್ಸ್-ರೆಸಿನ್ ರಿಬ್ಬನ್ ಹಾಕಿ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಒಂದು ದಿನ ಅಂಗಡಿಯಿಂದ ಪ್ಯಾಕೆಟ್ ವಾಪಸ್ ಬಂತು, ಎಕ್ಸ್‌ಪೈರಿ ಇದ್ದ ಜಾಗದಲ್ಲಿ ಬೂದು ಬಣ್ಣದ ಒರೆಸು ಗುರುತು ಮಾತ್ರ. ಅದೇ ರಿಬ್ಬನ್, ಅದೇ ಮಷೀನು, ಅದೇ ಸೆಟ್ಟಿಂಗ್. ನಾನು ತಕ್ಷಣ ರಿಬ್ಬನ್ ಸಪ್ಲೈಯರ್ ಕಳಪೆ ಮಾಲು ಕಳಿಸಿದ್ದಾನೆ ಅಂದುಕೊಂಡೆ.

ಸುಳಿವು ಮಷೀನಿನ ಮೇಲೇ ಇತ್ತು. ಆಪರೇಟರು ಸೀಲಿಂಗ್ ಜಾ (ಪ್ಯಾಕೆಟ್ ಒತ್ತಿ ಅಂಟಿಸುವ ಬಿಸಿ ದವಡೆ) 175 ಡಿಗ್ರಿಯಿಂದ 145ಕ್ಕೆ ಇಳಿಸಿದ್ದ. ಕೇಳಿದರೆ, "ಹೊಸ ರೋಲು ಸಾರ್, ಹಳೇ ಟೆಂಪರೇಚರ್‌ಗೆ ಸೀಲ್ ಮುದುಡಿಕೊಳ್ತಿದೆ" ಅಂದ. ಸರಿ ಅಂತ ತಲೆ ಆಡಿಸಿ ಮುಂದೆ ಹೋದೆ. ಅಲ್ಲೇ ನಿಂತು ಯೋಚಿಸಬೇಕಿತ್ತು. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ. ಜಾ ಬಿಸಿಗೆ ಅದು ಮುದುಡುವ ಮಾತೇ ಇಲ್ಲ. ಬಿಒಪಿಪಿ 160ರ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಕುಗ್ಗುತ್ತದೆ. ಅಂದರೆ ಹೊರಗಿನ ಪದರವೇ ಬದಲಾಗಿತ್ತು. ನಮ್ಮಲ್ಲೇ ಯಾರೋ ರೇಟ್ ಚೌಕಾಸಿ ಮಾಡಿದ್ದಕ್ಕೆ ರೋಲಿನವರು 12 ಮೈಕ್ರಾನ್ ಪಾಲಿಯೆಸ್ಟರ್ ತೆಗೆದು ಬಿಒಪಿಪಿ ಹಾಕಿ ಕೊಟ್ಟಿದ್ದರು. ಡಿಸೈನ್ ಅದೇ, ಹೊಳಪು ಅದೇ, ಕೈಗೆ ಸಿಕ್ಕರೆ ವ್ಯತ್ಯಾಸ ಗೊತ್ತಾಗದು.

ಇದರಿಂದ ಡೇಟ್ ಯಾಕೆ ಅಳಿಸಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ತೊಂದರೆಯೂ ಬಹುಶಃ ಇದೇ.

ನಮ್ಮ ಪೌಚುಗಳ ಬಣ್ಣದ ಮುದ್ರಣ ಇರುವುದು ಹೊರಗಲ್ಲ, ಹೊರಪದರದ ಒಳಮೈಯಲ್ಲಿ. ಉಲ್ಟಾ ಮುದ್ರಿಸಿ, ಅಂಟು ಹಾಕಿ, ಕೆಳಗೆ ಮೆಟಲೈಸ್ಡ್ ಫಿಲ್ಮ್ ಅಥವಾ ಪಾಲಿಥೀನ್ ಕೂಡಿಸುತ್ತಾರೆ. ಹಾಗಾಗಿ ಬಿಒಪಿಪಿಗೆ ಕೊರೋನಾ (ವಿದ್ಯುತ್ ಹಾಯಿಸಿ ಮಾಡುವ) ಟ್ರೀಟ್‌ಮೆಂಟ್ ಕೊಡುವುದು ಸಾಮಾನ್ಯವಾಗಿ ಆ ಒಳಮೈಗೆ ಮಾತ್ರ. ಇಂಕು, ಅಂಟು ಹಿಡಿಯಬೇಕಾದದ್ದು ಅಲ್ಲಿ. ಹೊರಮೈ ಹಾಗೇ ಉಳಿಯುತ್ತದೆ, ಅದರ ಡೈನ್ ಮಟ್ಟ (ಮೈ ಇಂಕನ್ನು ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) 30ರ ಸುತ್ತಮುತ್ತ. ರಿಬ್ಬನ್ ಇಂಕು ಗಟ್ಟಿಯಾಗಿ ಹಿಡಿಯಬೇಕಾದರೆ 38 ಆದರೂ ಬೇಕು. ಪಾಲಿಯೆಸ್ಟರ್‌ಗೆ ಹುಟ್ಟಿನಿಂದಲೇ 40ಕ್ಕಿಂತ ಹೆಚ್ಚಿರುತ್ತದೆ, ಅದಕ್ಕೇ ಅಷ್ಟು ದಿನ ಏನೂ ತೊಂದರೆ ಬಂದಿರಲಿಲ್ಲ. ಟ್ರೀಟ್ ಆಗದ ಬಿಒಪಿಪಿ ಮೇಲೆ ಇಂಕು ಎಣ್ಣೆ ಸವರಿದ ಬಾಳೆ ಎಲೆ ಮೇಲಿನ ನೀರಿದ್ದ ಹಾಗೆ. ಕೂತಿರುತ್ತದೆ, ಹಿಡಿದಿರುವುದಿಲ್ಲ.

ನಾನು ಏನು ಮಾಡಿದೆ? ರೆಸಿನ್ ತರಿಸಿದೆ. ರೆಸಿನ್ ಇಂಕು ಗಟ್ಟಿ, ನಿಜ, ಆದರೆ ಕರಗಲು ಹೆಚ್ಚು ಶಾಖ ಬೇಡುತ್ತದೆ. ಅದೂ ಅಳಿಸಿತು. ಹೀಟ್ ಏರಿಸಿದೆ. ಮಷೀನಿನಿಂದ ಹೊರಬಂದ ಪ್ಯಾಕೆಟ್ ಕಾಡಿಗೆ ಕಪ್ಪಾಗಿ ಕಾಣಿಸಿತು, ಗೆದ್ದೆ ಅಂದುಕೊಂಡೆ. ಮಾರನೇ ದಿನ ಉಗುರಲ್ಲಿ ಗೀರಿದರೆ ಅಕ್ಷರ ಸಿಪ್ಪೆ ಸುಲಿದ ಹಾಗೆ ಇಡಿಯಾಗಿ ಎದ್ದು ಬಂತು. ಮತ್ತೆ ಏರಿಸಿದೆ. ಹೀಟ್ ಏರಿಸಿದರೆ ರಿಬ್ಬನ್‌ನಿಂದ ಬಿಡುವ ಇಂಕು ಹೆಚ್ಚುತ್ತದೆ, ಫಿಲ್ಮ್‌ಗೆ ಹಿಡಿಯುವ ಗುಣ ಹೆಚ್ಚುವುದಿಲ್ಲ. ಈ ಎರಡೂ ಬೇರೆ ಬೇರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಅತಿ ಶಾಖದಲ್ಲಿ ಆಗುವುದು ಹೀಗೆ. ರಿಬ್ಬನ್‌ನ ಮೂಲ ಹಾಳೆ ನಾಲ್ಕೂವರೆ ಮೈಕ್ರಾನ್ ದಪ್ಪದ ಪಾಲಿಯೆಸ್ಟರ್. ಅದು ನೆರಿಗೆಗಟ್ಟುತ್ತದೆ, ಆ ನೆರಿಗೆ ಅಕ್ಷರದ ಮೇಲೆ ಓರೆ ಬಿಳಿ ಗೆರೆಯಾಗಿ ಬೀಳುತ್ತದೆ. ಕೆಲವೊಮ್ಮೆ ಫಿಲ್ಮ್‌ಗೇ ಅಂಟಿ ತುಂಡಾಗುತ್ತದೆ. ರಿಬ್ಬನ್ ಬೆನ್ನಿಗೆ ಹೆಡ್ ಸವೆಯದಿರಲಿ ಅಂತ ಒಂದು ನುಣುಪಾದ ಲೇಪ ಇರುತ್ತದೆ, ಅದು ಸುಟ್ಟು ಹೆಡ್ ಮೇಲೆ ಕಿಟ್ಟ ಕಟ್ಟುತ್ತದೆ. ಕಿಟ್ಟ ಶಾಖವನ್ನು ತಡೆಯುತ್ತದೆ, ಅಕ್ಷರ ಮಸುಕಾಗುತ್ತದೆ, ಆಪರೇಟರು ಮತ್ತೆ ಹೀಟ್ ಏರಿಸುತ್ತಾನೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಹೆಡ್‌ನ ಡಾಟುಗಳೇ (ಬಿಸಿಯಾಗಿ ಅಕ್ಷರ ಮೂಡಿಸುವ ಚುಕ್ಕಿಗಳು) ಸಾಯುತ್ತವೆ. 300 ಡಿಪಿಐ ಹೆಡ್ ಅಂದರೆ ಮಿಲಿಮೀಟರಿಗೆ ಸುಮಾರು 12 ಡಾಟ್. ಒಂದು ಸತ್ತರೆ ಕೂದಲೆಳೆಯಷ್ಟು ಗೆರೆ, ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ ಪಕ್ಕಪಕ್ಕದ ಐದಾರು ಸತ್ತು, ಆ ಗೆರೆ 8ರ ಎಡಭಾಗದ ಮೇಲೆ ಸರಿಯಾಗಿ ಬಿತ್ತು. ಆಗಸ್ಟ್ ತಿಂಗಳು ಮಾರ್ಚ್ ಆಯಿತು! ಹೊಸ ಹೆಡ್‌ನ ಬಿಲ್ಲು ಬಂದಾಗ ಲೆಕ್ಕ ಹಾಕಿದೆ, ಅಷ್ಟು ದುಡ್ಡಿಗೆ ಹತ್ತಾರು ರಿಬ್ಬನ್ ಬರುತ್ತಿತ್ತು.

ಈ ಗಂಟು ಬಿಡಿಸಿದ್ದು ಒಂದು ಡೈನ್ ಪೆನ್, ಆ ಡೈನ್ ಮಟ್ಟ ನೋಡುವ ದ್ರವ ತುಂಬಿದ ಪೆನ್ನು. 38ರ ಪೆನ್ನಲ್ಲಿ ಫಿಲ್ಮ್ ಮೇಲೆ ಗೆರೆ ಎಳೆದು ಎರಡು ಸೆಕೆಂಡು ನೋಡಿ. ಗೆರೆ ಹಾಗೇ ನಿಂತರೆ 38 ಇದೆ, ಹನಿಹನಿಯಾಗಿ ಒಡೆದು ಕೂಡಿಕೊಂಡರೆ ಇಲ್ಲ. ನಮ್ಮ ಹೊಸ ರೋಲಿನ ಮೇಲೆ ಗೆರೆ ಎಳೆದು ಮುಗಿಯುವ ಮೊದಲೇ ಒಡೆಯಿತು. ಮೂಲೆಯಲ್ಲಿ ಬಿದ್ದಿದ್ದ ಹಳೇ ರೋಲಿನ ತುಂಡಿನ ಮೇಲೆ ಗೆರೆ ಅಲ್ಲಾಡಲಿಲ್ಲ. ಪೆನ್ ಇಲ್ಲದಿದ್ದರೆ ಹಳೇ ಮತ್ತು ಹೊಸ ಫಿಲ್ಮ್ ಎರಡರ ಮೇಲೂ ಒಂದೇ ರಿಬ್ಬನ್‌ನಲ್ಲಿ, ಒಂದೇ ಹೀಟಿನಲ್ಲಿ ಮುದ್ರಿಸಿ ಮಾರನೇ ದಿನ ಉಜ್ಜಿ ನೋಡಿ. ಹಳೆಯದರಲ್ಲಿ ನಿಂತು ಹೊಸದರಲ್ಲಿ ಹೋದರೆ ರಿಬ್ಬನ್‌ನವನನ್ನು ಬೈಯಬೇಡಿ.

ಈಗ ನಮ್ಮ ರೋಲಿನ ಆರ್ಡರಿನಲ್ಲಿ ಮೂರು ಸಾಲು ಖಾಯಂ ಇರುತ್ತದೆ: ಹೊರಮೈ ಪಾಲಿಯೆಸ್ಟರ್, ಇಲ್ಲವೇ ಎರಡೂ ಬದಿ ಟ್ರೀಟ್ ಆದ ಬಿಒಪಿಪಿ; ಮಾಲು ಕೈಸೇರುವಾಗ ಹೊರಮೈ ಕನಿಷ್ಠ 38 ಡೈನ್; ಡೇಟ್ ಬೀಳುವ 60 × 30 ಮಿ.ಮೀ. ಜಾಗದಲ್ಲಿ ಹೊರಗೆ ವಾರ್ನಿಶ್ ಇರಕೂಡದು, ಒಳಗೆ ಬಿಳಿ ಬಣ್ಣ ಇರಬೇಕು. ಕೊನೆಯದನ್ನು ಮರೆಯಬೇಡಿ, ಕಡುಗೆಂಪು ಪ್ಯಾಕೆಟ್ ಮೇಲೆ ಕಪ್ಪು ಡೇಟ್ ಹೊಡೆದು ಯಾರಿಗೂ ಕಾಣದಂತೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಟ್ರೀಟ್‌ಮೆಂಟ್ ತಿಂಗಳುಗಳು ಕಳೆದಂತೆ ಇಳಿಯುತ್ತದೆ, ಆದ್ದರಿಂದ ಮೊದಲು ಬಂದ ರೋಲು ಮೊದಲು ಖರ್ಚಾಗಲಿ.

ಈಗ ನಿಮ್ಮ ಪ್ರಶ್ನೆ. ಫಿಲ್ಮ್ ಸರಿ ಇದ್ದರೆ ಮಸಾಲೆ ಪುಡಿ, ಅವಲಕ್ಕಿ, ಬೇಳೆಗೆ ವ್ಯಾಕ್ಸ್-ರೆಸಿನ್ ಧಾರಾಳ ಸಾಕು. ನಿಮ್ಮದು ಚಿಪ್ಸ್. ಪ್ಯಾಕ್ ಮಾಡುವವರ ಕೈಯಲ್ಲಿ, ಟ್ರೇಯಲ್ಲಿ, ಗಾಳಿಯಲ್ಲಿ ಕೂಡ ಎಣ್ಣೆ. ಎಣ್ಣೆ ಮೇಣವನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಚಿಪ್ಸ್, ಉಪ್ಪಿನಕಾಯಿ, ತುಪ್ಪಕ್ಕೆ ರೆಸಿನ್ನೇ ಸರಿ. ಡೇಟ್ ಸೀಲಿನ ಪಟ್ಟಿಯ ಮೇಲೇ ಬೀಳುತ್ತಿದ್ದರೂ ರೆಸಿನ್ ಬೇಕು, ಮೇಣ ಜಾ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಡೇಟನ್ನು ಸೀಲಿನಿಂದ ಆಚೆ ಸರಿಸಿದರೆ ಇನ್ನೂ ಒಳ್ಳೆಯದು. ಬರೀ ವ್ಯಾಕ್ಸ್ ರಿಬ್ಬನ್ ಕಾಗದದ ಲೇಬಲ್‌ಗೆ, ಪೌಚಿನ ಹತ್ತಿರ ತರಬೇಡಿ.

ಕಂಪನಿ ಹೆಸರಿಗಿಂತ ಮುಖ್ಯವಾದದ್ದು, ಆ ರಿಬ್ಬನ್ ನಿಯರ್-ಎಡ್ಜ್ ಹೆಡ್‌ದೋ ಫ್ಲಾಟ್ ಹೆಡ್‌ದೋ ಅನ್ನುವುದು. ಪ್ಯಾಕಿಂಗ್ ಲೈನಿನ ಡೇಟ್ ಪ್ರಿಂಟರುಗಳು ಹೆಚ್ಚಾಗಿ ನಿಯರ್-ಎಡ್ಜ್. ಅದರಲ್ಲಿ ಇಂಕು ಬಿಸಿ ಇರುವಾಗಲೇ ರಿಬ್ಬನ್ ಫಿಲ್ಮ್‌ನಿಂದ ಬಿಡಿಸಿಕೊಳ್ಳುತ್ತದೆ. ಬಾರ್‌ಕೋಡ್ ಲೇಬಲ್ ಪ್ರಿಂಟರು ಸಾಮಾನ್ಯವಾಗಿ ಫ್ಲಾಟ್ ಹೆಡ್, ಅಲ್ಲಿ ರಿಬ್ಬನ್ ಸ್ವಲ್ಪ ದೂರ ಜೊತೆಗೇ ಹೋಗಿ, ತಣಿದ ಮೇಲೆ ಬಿಡುತ್ತದೆ. ಲೇಬಲ್ ರಿಬ್ಬನ್ನನ್ನೇ 55 ಮಿ.ಮೀ.ಗೆ ಕತ್ತರಿಸಿ ಅಗ್ಗಕ್ಕೆ ಮಾರುವವರಿದ್ದಾರೆ. ಅದನ್ನು ಹಾಕಿದರೆ ಅರ್ಧ ಇಂಕು ರಿಬ್ಬನ್‌ನಲ್ಲೇ ಉಳಿದು ಅಕ್ಷರದ ಅಂಚು ಹರಿದ ಹಾಗೆ ಕಾಣುತ್ತದೆ. ಇಂಕು ಒಳಬದಿಗಿದೆಯೋ ಹೊರಬದಿಗಿದೆಯೋ ಅನ್ನುವುದನ್ನೂ ನೋಡಿ. ರೋಲಿನ ಹೊರಗೆ ಸೆಲ್ಲೋ ಟೇಪ್ ಅಂಟಿಸಿ ಕೀಳಿ, ಕಪ್ಪು ಬಂದರೆ ಇಂಕು ಹೊರಬದಿ. ತಪ್ಪು ಬದಿ ಹಾಕಿದರೆ ಪ್ಯಾಕೆಟ್ ಮೇಲೆ ಏನೂ ಬೀಳದು, ಇಂಕೆಲ್ಲ ಹೆಡ್‌ಗೆ. ರಿಬ್ಬನ್ನಿನ ಅಗಲ ಮುದ್ರಣಕ್ಕಿಂತ ಎರಡೂ ಕಡೆ ಎರಡು ಮೂರು ಮಿ.ಮೀ. ಹೆಚ್ಚಿರಲಿ. ಆಹಾರ ಪ್ಯಾಕಿಂಗ್‌ಗೆ ಆಗುತ್ತದೆ ಅನ್ನುವ ಪತ್ರವನ್ನೂ ಕೇಳಿ ಇಟ್ಟುಕೊಳ್ಳಿ.

ರೆಸಿನ್ ದುಬಾರಿ ಅಂತ ಬರೆದಿದ್ದೀರಿ. ಉಳಿತಾಯ ಮಾಡುವ ಜಾಗ ರಿಬ್ಬನ್ ಜಾತಿ ಅಲ್ಲ, ಅಕ್ಷರದ ಜೋಡಣೆ. 700 ಮೀಟರ್ ರಿಬ್ಬನ್ ರೋಲು ತೆಗೆದುಕೊಳ್ಳಿ. ಹೆಡ್ ಓಡುವ ದಿಕ್ಕಿನಲ್ಲಿ ಮುದ್ರಣ 24 ಮಿ.ಮೀ., ನಡುವೆ 1 ಮಿ.ಮೀ. ಬಿಟ್ಟರೆ 28,000 ಪ್ಯಾಕೆಟ್. ಅದೇ ಐದು ಸಾಲನ್ನು ಅಗಲಕ್ಕೆ ಹರಡಿ ಮೂರು ಸಾಲು ಮಾಡಿ, ಉದ್ದ 13 ಮಿ.ಮೀ.ಗೆ ಇಳಿಸಿದರೆ 50,000. ಅಕ್ಷರ ಸಣ್ಣದು ಮಾಡಿ ಉಳಿಸಲು ಮಾತ್ರ ಹೋಗಬೇಡಿ. ಎಫ್‌ಎಸ್‌ಎಸ್‌ಎಐ 2020ರ ಲೇಬಲಿಂಗ್ ನಿಯಮ ಲೇಬಲ್ ಮೇಲಿನದ್ದು ಸ್ಪಷ್ಟವಾಗಿ ಓದುವಂತೆ, ಅಳಿಸದಂತೆ ಇರಬೇಕು ಅನ್ನುತ್ತದೆ. ಮಿಸ್‌ಬ್ರ್ಯಾಂಡೆಡ್ (ಲೇಬಲ್ ನಿಯಮ ತಪ್ಪಿದ ಮಾಲು) ಅಂತಾದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ 3 ಲಕ್ಷದವರೆಗೆ ದಂಡ.

ಸ್ಯಾಂಪಲ್ ರಿಬ್ಬನ್ ಬಂದ ಮೇಲೆ ನಿಮ್ಮ ಲೈನಿನ ಪೂರ್ತಿ ವೇಗದಲ್ಲೇ ಮುದ್ರಿಸಿ. ನಿಧಾನಕ್ಕೆ ಓಡಿಸಿದರೆ ಎಂಥ ರಿಬ್ಬನ್ನೂ ಚೆನ್ನಾಗಿ ಕಾಣುತ್ತದೆ. ಹೀಟ್ ಕಡಿಮೆಯಿಂದ ಶುರು ಮಾಡಿ ಒಂದೊಂದೇ ಹಂತ ಏರಿಸಿ, ಅಕ್ಷರ ಪೂರ್ತಿ ತುಂಬಿದ ಕಡೆ ನಿಲ್ಲಿಸಿ. ಮುದ್ರಿಸಿದ ಕೂಡಲೇ ಉಜ್ಜಿ ತೀರ್ಮಾನ ಮಾಡಬೇಡಿ, 24 ಗಂಟೆ ಬಿಡಿ. ಆಮೇಲೆ ಹೆಬ್ಬೆರಳಲ್ಲಿ ಇಪ್ಪತ್ತು ಸಲ ಉಜ್ಜಿ. ಇನ್ನೊಂದು ಪ್ಯಾಕೆಟ್ ಮೇಲೆ ನೀವು ಕರಿಯುವ ಎಣ್ಣೆಯದೇ ಒಂದು ಹನಿ ಬಿಟ್ಟು, ಐದು ನಿಮಿಷ ಕಾದು ಹತ್ತಿಯಲ್ಲಿ ಒರೆಸಿ. ಮತ್ತೊಂದಕ್ಕೆ ಟೇಪ್ ಅಂಟಿಸಿ ಕೀಳಿ. ಇಷ್ಟು ಪಾಸಾದರೆ ಒಂದು ಕಾರ್ಟನ್ ತುಂಬಿ ಮಾಲು ಹೋಗುವ ಲಗೇಜ್ ಆಟೋದಲ್ಲೇ ಒಂದು ಸುತ್ತು ಕಳಿಸಿ ವಾಪಸ್ ತರಿಸಿ ನೋಡಿ, ಪ್ಯಾಕೆಟ್ಟಿಗೆ ಪ್ಯಾಕೆಟ್ ಉಜ್ಜುವುದು ಅಲ್ಲಿ.

ಪ್ರತಿ ಸಲ ರಿಬ್ಬನ್ ಬದಲಿಸುವಾಗ ಮಷೀನ್ ಆಫ್ ಮಾಡಿ, ಹೆಡ್ ತಣಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ನಾರು ಬಿಡದ ಬಟ್ಟೆಯಲ್ಲಿ ಒರೆಸಿ. ಬ್ಲೇಡು, ಸ್ಕ್ರೂಡ್ರೈವರ್ ಮುಟ್ಟಿಸಬೇಡಿ. ಹೆಡ್ ಎದುರಿನ ರಬ್ಬರ್ ಪ್ಯಾಡ್ ಮೇಲೆ ಬೆರಳಾಡಿಸಿ, ಗುಂಡಿ ಬಿದ್ದಿದ್ದರೆ ಅಕ್ಷರ ಅಲ್ಲಷ್ಟೇ ಮಸುಕಾಗುತ್ತದೆ. ಅದಕ್ಕೂ ಜನ ಹೀಟ್ ಏರಿಸುತ್ತಾರೆ, ಪ್ಯಾಡ್‌ಗೆ ಹೆಡ್‌ನ ಬೆಲೆಯ ಒಂದಂಶವೂ ಇಲ್ಲ.

ಅಂದಹಾಗೆ, ನಿಮ್ಮ ಪ್ರಶ್ನೆಯಲ್ಲಿ "ಹೋದ ತಿಂಗಳಿಂದ ಶುರುವಾಯಿತು" ಅಂತಿದೆ. ಹೋದ ತಿಂಗಳು ಹೊಸ ರೋಲು ಬಂದಿತ್ತಾ? ಆಪರೇಟರನ್ನು ಕರೆದು ಸೀಲಿಂಗ್ ಟೆಂಪರೇಚರ್ ಏನಾದರೂ ಇಳಿಸಿದ್ದಾನಾ ಅಂತ ಕೇಳಿ, ಉತ್ತರ ಇಲ್ಲೇ ಕಾಮೆಂಟಿನಲ್ಲಿ ಹಾಕಿ.