ಸುಮಿ ಬಿರುಕು ಬಿಟ್ಟಿದ್ದು ಸಿಲಿಕಾ ಜೆಲ್‌ನಿಂದ

ಪ್ರಶ್ನೆ: ಜಪಾನಿನ ನಾರಾದಿಂದ ತರಿಸಿದ ಹಳೆಯ ಸುಮಿಯನ್ನು, ಅಂದರೆ ಕಲ್ಲಿನ ಮೇಲೆ ನೀರಿನಲ್ಲಿ ತೇದು ಬರೆಯುವ ಮಸಿಗಟ್ಟಿಯನ್ನು, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಟ್ಟಿದ್ದೆ. ಎರಡೇ ತಿಂಗಳಲ್ಲಿ ಉದ್ದಕ್ಕೂ ಸೀಳಿದೆ. ನಕಲಿ ಮಾಲೇ? ಅಂಟಿಸಬಹುದೇ?

ಉತ್ತರ: ಬಿರುಕು ನಕಲಿಯ ಗುರುತಲ್ಲ. ಆದದ್ದು ನೀವು ಹಾಕಿದ ಸಿಲಿಕಾ ಜೆಲ್‌ನಿಂದ. ಕ್ಯಾಮೆರಾಕ್ಕೆ ಒಳ್ಳೆಯದಾದದ್ದು ಸುಮಿಗೂ ಒಳ್ಳೆಯದೆಂದು ಹೇಳಿಕೊಡುವವರ ಮಾತು ಕೇಳಿ ಎಷ್ಟೋ ಒಳ್ಳೆಯ ಗಟ್ಟಿಗಳು ಹಾಳಾಗುತ್ತಿವೆ.

ಸುಮಿ ಕಲ್ಲಲ್ಲ. ಸುಮಾರು 10 ಪಾಲು ಕಾಡಿಗೆಗೆ 6 ಪಾಲು ನಿಕಾವಾ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಸರೇಸು. ಸರೇಸು ತೇವ ಸಿಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊರಮೈ ಬೇಗ ಒಣಗಿ ಬಿಗಿದು, ಒಳಗೆ ಇನ್ನೂ ತೇವವಿದ್ದರೆ ಹೊರಮೈ ಸೀಳಲೇಬೇಕು. ಅದಕ್ಕೇ ನಾರಾದಲ್ಲಿ ಚಳಿಗಾಲದಲ್ಲಿ ಅಚ್ಚು ಹಾಕಿದ ಹಸಿ ಸುಮಿಯನ್ನು ಬೂದಿಯಲ್ಲಿ ಹೂತು, ದಿನದಿನಕ್ಕೆ ಹೆಚ್ಚು ಒಣಗಿದ ಬೂದಿಗೆ ಬದಲಾಯಿಸುತ್ತಾರೆ. ಚಿಕ್ಕದಕ್ಕೆ ವಾರ, ದೊಡ್ಡದಕ್ಕೆ ತಿಂಗಳ ಮೇಲೆ ಬೇಕು. ಆಮೇಲೆ ಹುಲ್ಲಿನಲ್ಲಿ ಹೆಣೆದು ತೂಗುಹಾಕುತ್ತಾರೆ. ಅಷ್ಟು ನಿಧಾನವಾಗಿ ಒಣಗಿಸಿದ್ದನ್ನು ನೀವು ಒಂದು ಪೊಟ್ಟಣದಿಂದ ಹಿಂಡಿಬಿಟ್ಟಿರಿ.

ಜೆಲ್ ಈಗಲೇ ತೆಗೆಯಿರಿ. ಆದರೆ ತೇವ ಕೊಡಲು ಹೋಗಬೇಡಿ, ಅದರಿಂದ ಇನ್ನಷ್ಟು ಸೀಳುತ್ತದೆ. ತೆಳುವಾದ ಕಾಗದದಲ್ಲಿ ಸುತ್ತಿ, ಕಿರಿ (ಪೌಲೋನಿಯಾ) ಎಂಬ ಹಗುರ ಮರದ ಪೆಟ್ಟಿಗೆಯಲ್ಲಿಟ್ಟು, ಬೀರುವಿನ ನಡುವಿನ ಅಂಕಣದಲ್ಲಿ ಇಡಿ. ಹೊರಗೋಡೆಗೆ ತಾಗಬಾರದು, ಬಿಸಿಲು ಮತ್ತು ಏಸಿ ಗಾಳಿ ಬೀಳಬಾರದು. ತೇವಾಂಶ ಶೇ 50–60ರಲ್ಲಿ ನಿಂತರೆ ಸಾಕು. ಮುಖ್ಯವಾದದ್ದು ಏರಿಳಿತ ಕಡಿಮೆ ಇರುವುದು. ಮಂಗಳೂರು, ಮಲೆನಾಡಿನವರು ಮಳೆಗಾಲದಲ್ಲಿ ಬೂಷ್ಟು ಕಂಡರೆ ಒಣ ಮೃದು ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಬೇಡ, ಚಿನ್ನದ ಅಕ್ಷರವೂ ಏಳುತ್ತದೆ.

ಕೂದಲೆಳೆಯ ಬಿರುಕಾದರೆ ಮುಟ್ಟಬೇಡಿ. ತುಂಡೇ ಆಗಿದ್ದರೆ, ಅದೇ ಸುಮಿಯನ್ನು ಕೆಲವೇ ಹನಿ ನೀರಿನಲ್ಲಿ ಕೆಸರಿನಷ್ಟು ಗಟ್ಟಿಯಾಗಿ ತೇದು ಎರಡೂ ಮುಖಕ್ಕೆ ಹಚ್ಚಿ, ಒತ್ತಿ, ಕಾಗದ ಸುತ್ತಿ ಕಟ್ಟಿ, ನೆರಳಲ್ಲಿ ಹಲವು ದಿನ ಬಿಡಿ. ಫೆವಿಕ್ವಿಕ್ ಹಚ್ಚಿದರೆ ಆ ಅಂಟು ಮಸಿಯಲ್ಲಿ ಬೆರೆತು ತೇಯುವ ಕಲ್ಲೂ ಕೆಡುತ್ತದೆ. ಸಂಗ್ರಹಕ್ಕೆಂದೇ ಇಟ್ಟ ಅಪರೂಪದ ಗಟ್ಟಿಯಾದರೆ ಅಂಟಿಸಲೇಬೇಡಿ. ತುಂಡುಗಳನ್ನು ಜೊತೆಗಿಡಿ.

ಬಳಸುವವರಿಗೆ ಒಂದು ಮಾತು: ತೇದ ಮೇಲೆ ತುದಿಯನ್ನು ಕಾಗದದಿಂದ ಒರೆಸಿ, ನೆರಳಲ್ಲಿ ಆರಿದ ಮೇಲೆ ಪೆಟ್ಟಿಗೆಗೆ ಹಾಕಿ. ಒದ್ದೆ ತುದಿಯನ್ನು ಹಾಗೇ ಮುಚ್ಚಿಟ್ಟರೆ ಬಿರುಕು ಅಲ್ಲಿಂದಲೇ ಶುರು. ಕಲ್ಲಿನ ಮೇಲೆ ಬಿಟ್ಟರೆ ಅಂಟಿಕೊಂಡು, ಕೀಳುವಾಗ ಎರಡೂ ಹಾಳು.

ಪ್ರಶ್ನೆ: ಪೆಟ್ಟಿಗೆಯ ಮೇಲೆ 5 ಚೋ ಎಂದಿದೆ. ಎಷ್ಟು ಹಳೆಯದು?

ಅದು ವಯಸ್ಸಲ್ಲ, ತೂಕ. ಒಂದು ಚೋ 15 ಗ್ರಾಂ. ನಿಮ್ಮದು 75 ಗ್ರಾಂನ ಅಳತೆಯದು.

ಪ್ರಶ್ನೆ: ಸುವಾಸನೆ ಇದ್ದರೆ ಹಳೆಯದೆಂದು ಮಾರುವವರು ಹೇಳಿದರು.

ಸುಳ್ಳು. ಸರೇಸಿನ ವಾಸನೆ ಮುಚ್ಚಲು ಕರ್ಪೂರದಂಥ ಸುಗಂಧ ಬೆರೆಸುತ್ತಾರೆ, ನಿನ್ನೆ ಮಾಡಿದ್ದಕ್ಕೂ. ಹಾಗೆ ಹೇಳಿ ಮಾರುವವರ ಹತ್ತಿರ ಕೊಳ್ಳಬೇಡಿ.

ಪ್ರಶ್ನೆ: ಹಳೆಯದಾದಷ್ಟೂ ಒಳ್ಳೆಯದೇ?

ಒಂದು ಹಂತದವರೆಗೆ. ವರ್ಷ ಕಳೆದಂತೆ ಸರೇಸಿನ ಕಸುವು ಇಳಿದು ಮಸಿ ಕಾಗದದಲ್ಲಿ ಹಗುರವಾಗಿ ಹರಡುತ್ತದೆ, ಬೆಲೆ ಅದಕ್ಕೇ. ಕಸುವು ಪೂರ್ತಿ ಹೋದರೆ, ಬರಹದ ಹಿಂದೆ ಆಸರೆಯ ಕಾಗದ ಅಂಟಿಸಲು ಒದ್ದೆ ಮಾಡಿದಾಗ ಅಕ್ಷರವೇ ಕದಡುತ್ತದೆ.

ಪ್ರಶ್ನೆ: ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದೇ?

ಖಂಡಿತ ಬೇಡ. ಆ ಹೊಳಪು ಮಾಡುವಾಗ ಚಿಪ್ಪಿನಿಂದ ಉಜ್ಜಿ ತಂದದ್ದು.