ಬಣ್ಣ ಕಂಡಿರಿ, ಕಾನೂನು ಕಾಣಲಿಲ್ಲ

ಪ್ರಿಯ ಲೇಖಕರೇ,

ದಂತಕಥೆಯ ರಾಜ ಆರ್ಥರ್ ಮತ್ತು ತನ್ನ ಮಂತ್ರಶಕ್ತಿಯನ್ನು ಬಚ್ಚಿಟ್ಟು ಅವನ ಸೇವಕನಾಗಿರುವ ಮರ್ಲಿನ್‌ನ ಕಥೆ ಹೇಳುವ ಬಿಬಿಸಿಯ ‘ಮರ್ಲಿನ್’ ಧಾರಾವಾಹಿಯ (2008–2012) ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ನಿಮ್ಮ ಭಾಷೆಗೆ ಓಟವಿದೆ, ಆದರೆ ಹೊಗಳುತ್ತಲೇ ಓಡುತ್ತದೆ.

ಮುಂದೆ ಆರ್ಥರ್‌ನ ರಾಣಿಯಾಗುವ ಗ್ವಿನೆವೀರ್ (ಗ್ವೆನ್) ಪಾತ್ರಕ್ಕೆ ಕಪ್ಪು ವರ್ಣದ ನಟಿ ಏಂಜಲ್ ಕೌಲ್ಬಿಯನ್ನು ಆರಿಸಿದ್ದನ್ನು ನಾಲ್ಕು ಪುಟ ಕೊಂಡಾಡಿದ್ದೀರಿ. ಕೊಂಡಾಡಬೇಕಾದದ್ದೇ. ಆದರೆ ‘ಆರ್ಥರ್ ಕಥೆಗೆ ಬಿಳಿಯರಲ್ಲದವರು ಬಂದದ್ದು ಇದೇ ಮೊದಲು’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಆರ್ಥರ್ ಕಥೆಗಳನ್ನು ಒಟ್ಟುಗೂಡಿಸಿದ, 1485ರಲ್ಲಿ ಅಚ್ಚಾದ ಥಾಮಸ್ ಮ್ಯಾಲರಿಯ ಗ್ರಂಥದಲ್ಲೇ ಸ್ಯಾರಸನ್ (ಅರಬ್ ಅಥವಾ ಮುಸ್ಲಿಮನಿಗೆ ಆಗಿನ ಯುರೋಪಿನ ಹೆಸರು) ವೀರ ಪಾಲಮೀಡಿಸ್ ಇದ್ದಾನೆ. ಮಧ್ಯಯುಗದ ಡಚ್ ಕಾವ್ಯವೊಂದರ ನಾಯಕ ಮೋರಿಯನ್ ಕಪ್ಪು ಮೈಬಣ್ಣದ ಮೂರ್, ಅಂದರೆ ಆಫ್ರಿಕಾ ಮೂಲದವ.

ಅದು ಸಣ್ಣ ತಪ್ಪು, ತಿದ್ದಬಹುದು. ದೊಡ್ಡ ತಕರಾರು ಬೇರೆ. ಕಥೆ ನಡೆಯುವ ರಾಜ್ಯ ಕ್ಯಾಮೆಲಾಟ್‌ನಲ್ಲಿ ಗ್ವೆನ್‌ಳ ಬಣ್ಣದ ಮಾತನ್ನು ಯಾರೂ ಎತ್ತುವುದಿಲ್ಲ. ಆರ್ಥರ್‌ನ ತಂದೆ, ರಾಜ ಉಥರ್‌ನಿಗೆ ಸಹಿಸಲಾಗದ್ದು ಆಕೆ ಕಮ್ಮಾರನ ಮಗಳು, ಅರಮನೆಯ ಕೆಲಸದವಳು ಎಂಬುದು. ಮ್ಯಾಲರಿಯಲ್ಲಿ ಆಕೆ ರಾಜಕುಮಾರಿ. ರಾಜಕುಮಾರಿಯನ್ನು ಸೇವಕಿಯಾಗಿಸಿ, ಅದೇ ಪಾತ್ರವನ್ನು ಕಪ್ಪು ನಟಿಗೆ ಕೊಟ್ಟದ್ದು ಪ್ರಗತಿಯೋ ಮುಜುಗರವೋ? ನನಗೆ ಎರಡೂ ಅನ್ನಿಸುತ್ತದೆ. ನಿಮಗೆ ಪ್ರಶ್ನೆಯೇ ಎದ್ದಿಲ್ಲ. ಕುಲೀನರಷ್ಟೇ ಯೋಧರಾಗಬಹುದೆಂಬ ನಿಯಮ ಸಾಮಾನ್ಯ ಕುಲದ ಲ್ಯಾನ್ಸೆಲಾಟ್‌ಗೆ ಅಡ್ಡ ಬಂದಾಗ ನೀವು ಕರ್ಣನನ್ನು ಕರೆತಂದಿದ್ದೀರಿ. ಕುಲ ಕೇಳಿದಲ್ಲೆಲ್ಲ ಕರ್ಣನೇ ಬರಬೇಕೇ? ಅವನಿಗೂ ಸ್ವಲ್ಪ ವಿಶ್ರಾಂತಿ ಕೊಡಿ.

ಇನ್ನು ಮೌಲ್ಯಗಳು. ‘ಸ್ನೇಹ, ತ್ಯಾಗ, ಸಹಿಷ್ಣುತೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಸಹಿಷ್ಣುತೆ ಎಲ್ಲಿದೆ, ತೋರಿಸಿ. ಉಥರ್‌ನ ಕಾನೂನಿನಲ್ಲಿ ಮಂತ್ರವಿದ್ಯೆಗೆ ಮರಣದಂಡನೆ. ಮರ್ಲಿನ್ ಕ್ಯಾಮೆಲಾಟ್‌ಗೆ ಕಾಲಿಟ್ಟಾಗ ಕಾಣುವುದೇ ಮಂತ್ರವಿದ್ಯೆಯ ಆರೋಪ ಹೊತ್ತವನ ತಲೆ ಕಡಿಯುವುದನ್ನು. ಅವನ ಶಕ್ತಿಯಾದರೋ ಹುಟ್ಟಿನಿಂದ ಬಂದದ್ದು, ಕಲಿತದ್ದಲ್ಲ.

ಐದನೆಯ ಸರಣಿಯ ಐದನೆಯ ಕಂತನ್ನು ಮತ್ತೆ ನೋಡಿ. ಈಗ ರಾಜನಾಗಿರುವ ಆರ್ಥರ್‌ನ ಯೋಧ ಮೋರ್ಡ್ರೆಡ್ ಸಾವಿನ ಅಂಚಿನಲ್ಲಿದ್ದಾನೆ. ಹಳೆಯ ಧರ್ಮವನ್ನೂ ಅದರ ಮಂತ್ರವಿದ್ಯೆಯನ್ನೂ ಒಪ್ಪಿಕೊಂಡರೆ ಬದುಕಿಸುತ್ತೇವೆಂಬ ಮಾತು ಆ ಧರ್ಮದವರಿಂದ ಆರ್ಥರ್‌ಗೆ ಸಿಕ್ಕಿದೆ. ರಾತ್ರಿ, ಕಾಡು, ಇಬ್ಬರೇ. ತಂದೆ ತಪ್ಪಿರಬಹುದೇ ಎಂದು ಅನುಮಾನಿಸುತ್ತ ಆರ್ಥರ್ ತನ್ನ ಸೇವಕನನ್ನೇ ಕೇಳುತ್ತಾನೆ: ಏನು ಮಾಡಲಿ? ಜೀವಮಾನವಿಡೀ ಈ ಪ್ರಶ್ನೆಗಾಗಿ ಕಾದಿದ್ದ ಮರ್ಲಿನ್, ಕಣ್ಣು ತುಂಬಿಕೊಂಡು, ಕ್ಯಾಮೆಲಾಟ್‌ನಲ್ಲಿ ಮಂತ್ರವಿದ್ಯೆಗೆ ಜಾಗವಿಲ್ಲ ಎನ್ನುತ್ತಾನೆ. ಮೋರ್ಡ್ರೆಡ್‌ನಿಂದಲೇ ಆರ್ಥರ್‌ನ ಸಾವು ಎಂಬ ಭವಿಷ್ಯ ಅವನಿಗೆ ಗೊತ್ತು. ಆರ್ಥರ್ ಒಬ್ಬನನ್ನು ಉಳಿಸಲು ಮಂತ್ರಶಕ್ತಿಯುಳ್ಳ ತನ್ನವರೆಲ್ಲರನ್ನೂ ಬಿಟ್ಟುಕೊಟ್ಟ. ಹಿಂತಿರುಗಿದರೆ ಮೋರ್ಡ್ರೆಡ್ ಎದ್ದು ನಿಂತಿದ್ದಾನೆ! ನಿಮ್ಮ ಲೇಖನದಲ್ಲಿ ಈ ಕಂತಿನ ಹೆಸರೂ ಇಲ್ಲ.

ಕೊನೆಗೆ ಆರ್ಥರ್‌ಗೆ ಮರ್ಲಿನ್‌ನ ಗುಟ್ಟು ತಿಳಿಯುವುದು ಪ್ರಾಣ ಹೋಗುವ ಹೊತ್ತಿನಲ್ಲಿ. ರಾಜ್ಯ ಗ್ವೆನ್‌ಳ ಕೈಗೆ ಬರುತ್ತದೆ. ಮಂತ್ರವಾದಿಯ ಜೊತೆ ಸೇರಿದನೆಂಬ ಆರೋಪದಲ್ಲಿ ಸೆರೆಯಾಗಿ ಪ್ರಾಣ ಕಳೆದುಕೊಂಡವನ ಮಗಳು ಅವಳು. ಆ ಕಾನೂನು ರದ್ದಾದದ್ದನ್ನು ಮಾತ್ರ ತೆರೆಯ ಮೇಲೆ ನಾವು ನೋಡುವುದೇ ಇಲ್ಲ. ನೀವು ಇದನ್ನು ‘ಸಂಪೂರ್ಣ ವಿಜಯ’ ಎಂದಿದ್ದೀರಿ. ಯಾರ ವಿಜಯ?

ಲೇಖನವನ್ನು ಕಾಡಿನ ಆ ರಾತ್ರಿಯಿಂದ ಆರಂಭಿಸಿ. ಮೊದಲ ನಾಲ್ಕು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ, ಕರ್ಣನನ್ನು ಬಿಡಿ. ತಿದ್ದಿದ ಪ್ರತಿ ಬಂದರೆ ಖಂಡಿತ ಓದುತ್ತೇನೆ.

ಇಂತು,
ಸಂಪಾದಕ