ಬಿಲ್ ಸೊನ್ನೆ ಬರುವ ಮಲೆನಾಡಿನ ಮನೆಗೆ ಸೋಲಾರ್ ಯಾಕೆ?

ತೀರ್ಥಹಳ್ಳಿ ಹತ್ತಿರ ಮನೆ, ರಾಜ್ಯ ಸರ್ಕಾರದ ಗೃಹಜ್ಯೋತಿಯಿಂದ ಬಿಲ್ ಸೊನ್ನೆ. ಆದರೂ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಲು 78,000 ರೂಪಾಯಿ ಸಬ್ಸಿಡಿ ಇದೆ ಅಂತ ಸೋಲಾರ್‌ನವರು ದುಂಬಾಲು ಬಿದ್ದಿದ್ದಾರೆ, ಹಾಕಿಸಿದರೆ ಲಾಭವಾ ಅಂತ ಕೇಳಿದ್ದೀರಿ.

ದುಡ್ಡಿನ ಲೆಕ್ಕದಲ್ಲಾದರೆ, ಈಗ ಇಲ್ಲ. ಕಟ್ಟೋ ಬಿಲ್ಲೇ ಇಲ್ಲದಿದ್ದರೆ ಉಳಿಸೋದು ಏನನ್ನ? ಬಳಸಿ ಉಳಿದ ಕರೆಂಟನ್ನು ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂಗೆ ಕೊಡಬಹುದು, ನಿಜ. ಆದರೆ ಅದಕ್ಕೆ ಸಿಗುವ ದರ ನಾವು ಯೂನಿಟ್‌ಗೆ ಕೊಡುವ ದರಕ್ಕಿಂತ ತುಂಬಾ ಕಡಿಮೆ. ಅದನ್ನು ನಂಬಿ ಸಾಲ ಮಾಡಬೇಡಿ.

ಆ 78,000 ಕೂಡ ಎಲ್ಲರಿಗೂ ಸಿಗುವುದಲ್ಲ. 2024ರಲ್ಲಿ ಶುರುವಾದ ಈ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 78,000. ಮೂರು ಕಿಲೋವ್ಯಾಟ್‌ಗೆ ಸಬ್ಸಿಡಿ ಕಳೆದರೂ ಕೈಯಿಂದ ಲಕ್ಷದ ಮೇಲೇ ಬೀಳುತ್ತದೆ.

ನಮ್ಮೂರಲ್ಲಿ ಎಲ್ಲರೂ ಹೇಳುವ ಮಾತು, "ಈ ಮಳೆಗೆ ಸೋಲಾರ್ ಎಲ್ಲಿ ನಡೀತದೆ ಮಾರಾಯ್ರೆ." ಅರ್ಧ ಸರಿ. ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಅಂತ ಲೆಕ್ಕ ಹಿಡಿಯುತ್ತಾರೆ. ಜುಲೈ ತಿಂಗಳ ಆಗುಂಬೆ ಕಡೆ ಅದರ ಅರ್ಧ ಬಂದರೂ ಪುಣ್ಯ. ಆದರೆ ಕೇರಳ ನೋಡಿ. ನಮ್ಮ ಹಾಗೇ ಮಳೆ, ನಮ್ಮ ಹಾಗೇ ತೋಟ, ಹಂಚಿನ ಮನೆ. ಆದರೂ ಮನೆ ಮೇಲಿನ ಸೋಲಾರ್‌ನಲ್ಲಿ ದೇಶದ ಮುಂಚೂಣಿ ರಾಜ್ಯಗಳಲ್ಲಿ ಅದೂ ಒಂದು. ಅಲ್ಲಿ ಕರೆಂಟ್ ಬಿಲ್ ಕಚ್ಚುತ್ತದೆ, ನಮಗೆ ಕಚ್ಚುವುದಿಲ್ಲ. ನನಗೆ ಕಾಣೋ ವ್ಯತ್ಯಾಸ ಅಷ್ಟೇ. ನಮ್ಮ ರಾಜ್ಯ ಸರ್ಕಾರ ಕರೆಂಟ್ ಪುಕ್ಕಟೆ ಕೊಡುತ್ತದೆ, ಕೇಂದ್ರ ಸರ್ಕಾರ ಕರೆಂಟ್ ನೀವೇ ಮಾಡಿಕೊಳ್ಳಿ ಅಂತ ದುಡ್ಡು ಕೊಡುತ್ತದೆ. ಎರಡೂ ಸೇರಿ ಒಂದೇ ಮನೆಯಲ್ಲಿ ಕೆಲಸ ಮಾಡುವುದಿಲ್ಲ.

ಹಾಗಾದರೆ ಯಾರಿಗೆ ಲಾಭ? ತಿಂಗಳಿಗೆ 200 ಯೂನಿಟ್ ದಾಟುವವರಿಗೆ. ದಾಟಿದ ತಿಂಗಳು ಗೃಹಜ್ಯೋತಿಯಲ್ಲಿ ಪೂರ್ತಿ ಬಿಲ್ಲನ್ನೇ ಕಟ್ಟಬೇಕು, ಬರೀ ಹೆಚ್ಚಿನದ್ದಲ್ಲ. ಹೋಂಸ್ಟೇ ನಡೆಸುವವರು, ಗೀಸರ್, ಫ್ರಿಡ್ಜ್, ಎಸಿ ಎಲ್ಲಾ ಇರುವ ಪೇಟೆ ಮನೆಯವರು ಹೀಗೆ. ತಿಂಗಳಿಗೆ 300 ಯೂನಿಟ್ ಓಡಿಸುವ ಮನೆಗೆ ಹಾಕಿದ ದುಡ್ಡು ಆರೇಳು ವರ್ಷದಲ್ಲಿ ವಾಪಸ್ ಬರುತ್ತದೆ. ಆಮೇಲೆ ಬಂದದ್ದೆಲ್ಲ ಉಳಿತಾಯ.

ಸೋಲಾರ್‌ನವರು ಸುಲಭಕ್ಕೆ ಬಾಯಿ ಬಿಡದ ಒಂದು ವಿಷಯ ಇದೆ. ನಮ್ಮ ಅಣ್ಣನ ಮನೆಯಲ್ಲಿ ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ನೇರ ಮೇನ್ ಲೈನಿಗೆ ಜೋಡಿಸುವ ಸೋಲಾರ್ ಹಾಕಿಸಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯಿತು. ಎರಡನೇ ದಿನ ಹೊಳವಾಗಿ ಒಳ್ಳೆ ಬಿಸಿಲು ಬಂತು, ಪ್ಯಾನೆಲ್ ಫಳಫಳ. ಮನೆಯಲ್ಲಿ ಮಾತ್ರ ಮಿಕ್ಸಿ ಕೂಡ ತಿರುಗಲಿಲ್ಲ. ಅತ್ತಿಗೆ ಚಟ್ನಿಗೆ ಒರಳುಕಲ್ಲು ತೊಳೆದುಕೊಂಡು, "ಇದಕ್ಕಾ ಅಷ್ಟು ದುಡ್ಡು ಸುರಿದದ್ದು?" ಅಂತ ಅಣ್ಣನನ್ನು ವಿಚಾರಿಸಿಕೊಂಡರು. ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಇನ್ವರ್ಟರ್ ಕೆಟ್ಟಿರಲಿಲ್ಲ. ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ಅದು ತಾನೇ ಬಂದ್ ಆಗಬೇಕು. ಇಲ್ಲದಿದ್ದರೆ ನಿಮ್ಮ ಮನೆ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು. ಆಗ ಖರ್ಚು ಎಲ್ಲಿಗೋ ಹೋಗುತ್ತದೆ.

ಇಷ್ಟರ ಮೇಲೆ ಅಡಿಕೆ ಮರದ ನೆರಳು, ಮಂಗನ ಕಾಟ, ಸಿಡಿಲು. ಅರ್ತಿಂಗ್ ಸರಿ ಇಲ್ಲದೆ ಹಾಕಿಸಲೇಬೇಡಿ.

ನಿಮ್ಮ ತೋಟದ ಮೇಲ್ಗಡೆ ಗುಡ್ಡದಿಂದ ಹಳ್ಳ ಇಳಿಯುತ್ತದಾ? ಇದ್ದರೆ ಸೋಲಾರ್‌ಗಿಂತ ಮೊದಲು ಅದನ್ನು ನೋಡಿ. ಪೈಪಿನಲ್ಲಿ ನೀರು ಇಳಿಸಿ ಸಣ್ಣ ಟರ್ಬೈನ್ ತಿರುಗಿಸುವ ಮನೆಗಳು ಮಲೆನಾಡಿನಲ್ಲಿ ಇವೆ. ಒಂದು ಕಿಲೋವ್ಯಾಟ್ ಟರ್ಬೈನ್ ಹಗಲು ರಾತ್ರಿ ಪೂರ್ತಿ ಓಡಿದರೆ ದಿನಕ್ಕೆ 24 ಯೂನಿಟ್. ಅದೂ ಬಿಸಿಲಿಲ್ಲದ, ಮೇನ್ ಲೈನ್ ಕೈಕೊಡುವ ತಿಂಗಳುಗಳಲ್ಲೇ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಕಸ ತೆಗೆಯೋ ಕೆಲಸ ದಿನಾ ಇರುತ್ತದೆ. ಆದರೆ ಕತ್ತಲೆಯಲ್ಲಿ ಕೂರುವುದು ತಪ್ಪುತ್ತದೆ.

"ಶರಾವತಿ ನಮ್ಮದೇ, ನಮಗೆ ಯಾಕೆ ಸೋಲಾರ್" ಅಂತಲೂ ಬರೆದಿದ್ದೀರಿ. ಸಿಟ್ಟು ಅರ್ಥವಾಗುತ್ತದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್‌ನದ್ದು, ಅದರಲ್ಲಿ ಜಮೀನು ಮುಳುಗಿದವರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಆದರೆ ನೀರನ್ನೂ ಪೂರ್ತಿ ನಂಬುವಂತಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯ ಹೊರಗಿನಿಂದ ಕರೆಂಟ್ ತಂದು ಸುಧಾರಿಸಬೇಕಾಯಿತು. ಈಗ ಪಾವಗಡದ ಸೋಲಾರ್ ಪಾರ್ಕ್‌ನಂಥ ಕಡೆ ಮಧ್ಯಾಹ್ನ ಸೂರ್ಯನ ಕರೆಂಟ್ ರಾಶಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಲ್ಲ. ಅದಕ್ಕೇ ಶರಾವತಿ ಕಣಿವೆಯಲ್ಲಿ ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಅಗ್ಗದ ಕರೆಂಟ್ ಇದ್ದಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡೋದು. ಎತ್ತಲು ಖರ್ಚಾದಷ್ಟು ಕರೆಂಟ್ ವಾಪಸ್ ಬರಲ್ಲ, ಐದರಲ್ಲೊಂದು ಪಾಲಾದರೂ ಹೋಗುತ್ತದೆ. ಜಾಗ ಸಿಂಗಳೀಕದ ಕಾಡು. ಲಾಭ ಬೆಂಗಳೂರಿಗೆ, ನಷ್ಟ ಮತ್ತೆ ಈ ಕಣಿವೆಗೇ ಅನ್ನುವುದು ನನ್ನ ತಕರಾರು. ಬ್ಯಾಟರಿ ದರ ವರ್ಷವರ್ಷ ಇಳಿಯುತ್ತಿರುವಾಗ ಇಷ್ಟು ಅವಸರ ಯಾಕೋ.

ನಿಮ್ಮ ವಿಷಯಕ್ಕೆ ಬಂದರೆ, ಸಹಿ ಹಾಕುವ ಮೊದಲು ಹೋದ ವರ್ಷದ ಹನ್ನೆರಡೂ ಬಿಲ್ ಮುಂದಿಟ್ಟುಕೊಂಡು ಯೂನಿಟ್ ಮಾತ್ರ ನೋಡಿ. ಏಪ್ರಿಲ್, ಮೇನಲ್ಲೂ 200 ಮುಟ್ಟದಿದ್ದರೆ ಸೋಲಾರ್‌ನವರಿಗೆ ಕಾಫಿ ಕೊಟ್ಟು ಕಳಿಸಿ.